ಎಲೆಗೆ ತೂತು ಬಿದ್ದರೆ ಬೆಳೆ ಸತ್ತಿತೆಂದು ಬರೆದವರು ನಾವೇ

ಕೊಯ್ಲಾದ ಜೋಳದ ಹೊಲದಲ್ಲಿ ಕೂಳೆ ಚಿಗುರಿದೆ, ಅಲ್ಲಿ ದನ ಬಿಡಬೇಡ ಎಂದು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ದನ ಕಾಯುವ ಹುಡುಗನಿಗೂ ಹೇಳಿಕೊಡುತ್ತಾರೆ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳವಾದರಂತೂ ಬದುವಿನ ಹತ್ತಿರವೂ ಎಮ್ಮೆ ಸುಳಿಯಗೊಡುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೇ ಉಸಿರು ಎಳೆಯುತ್ತಾ, ನಡುಗುತ್ತಾ ಬಿದ್ದುಬಿಡುತ್ತದೆ. ಆ ಹೊಲಕ್ಕೆ ಯಾರೂ ವಿಷ ಹೊಡೆದಿರುವುದಿಲ್ಲ. ವಿಷ ಜೋಳದ್ದೇ. ಎಳೆ ಎಲೆಯ ಜೀವಕೋಶಗಳಲ್ಲಿ ಧುರ್ರಿನ್ ಎಂಬ ವಸ್ತು ಒಂದು ಕಡೆ ಇರುತ್ತದೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ. ಎಲೆ ಸುಮ್ಮನಿರುವಷ್ಟು ಹೊತ್ತು ಎರಡೂ ಸೇರುವುದಿಲ್ಲ. ಹಲ್ಲು ಬಿದ್ದು ಎಲೆ ಜಜ್ಜಿದ ಕ್ಷಣ ಎರಡೂ ಬೆರೆತು ಸೈನೈಡ್ ಹೊರಬರುತ್ತದೆ. ಗಿಡ ಬಲಿತ ಹಾಗೆ ಇದು ಕಡಿಮೆಯಾಗುತ್ತಾ ಬರುತ್ತದೆ. ಹಾಗಾಗಿಯೇ ಬಲಿತ ಸೊಪ್ಪೆಯನ್ನು ಅದೇ ಎಮ್ಮೆ ವರ್ಷವಿಡೀ ಅರಗಿಸಿಕೊಳ್ಳುತ್ತದೆ.

ಎಮ್ಮೆಯನ್ನೇ ಕೆಡವಬಲ್ಲ ಗಿಡ ಅದು. ಅಂಥ ಗಿಡದ ಎಲೆಯಲ್ಲಿ ಬೆರಳಗಲದ ತೂತು ಕಂಡರೆ ಸಾಕು, "ಹುಳ ಬಿತ್ತು, ಬೆಳೆ ಹೋಯ್ತು" ಎಂದು ಊರಿಗೆ ಊರೇ ಔಷಧಿ ಅಂಗಡಿಯ ಮುಂದೆ ನಿಲ್ಲುತ್ತದೆ. ಗಿಡಕ್ಕೆ ತನ್ನದೇ ಕೈಕಾಲು ಇದೆ ಎನ್ನುವುದನ್ನು ನಮ್ಮ ಕೃಷಿ ಸುದ್ದಿಗಳು, ಕೃಷಿ ಮೇಳದ ಮಳಿಗೆಗಳು, ಅಂಗಡಿಯ ಕೌಂಟರುಗಳು ಎಲ್ಲವೂ ಸೇರಿ ಮರೆಸಿಬಿಟ್ಟಿವೆ. ಇದು ಜಗಳದ ಬರಹ. ಜಗಳ ಮೊದಲು ನಮ್ಮ ಜೊತೆಗೇ, ಆಮೇಲೆ ಉಳಿದವರ ಜೊತೆ.

ನಮ್ಮ ಕಥೆಯನ್ನು ಮೊದಲು ಹೇಳಿಬಿಡುತ್ತೇವೆ. ಲದ್ದಿ ಹುಳು ರಾಜ್ಯಕ್ಕೆ ಬಂದ ಹೊಸತು. ಇಂಗ್ಲಿಷಿನಲ್ಲಿ ಫಾಲ್ ಆರ್ಮಿವರ್ಮ್ ಎನ್ನುವ, ಅಮೆರಿಕ ಖಂಡದಿಂದ ಆಫ್ರಿಕಾಕ್ಕೆ ದಾಟಿ ಅಲ್ಲಿಂದ ಮುಂದೆ ಹಬ್ಬಿದ ಈ ಸೈನಿಕ ಹುಳುವನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ, ಅಲ್ಲಿನದೇ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು. ಮುಂದಿನ ವರ್ಷದ ಮುಂಗಾರಿಗೆ ನಮ್ಮಲ್ಲಿ ಇಬ್ಬರು ಒಂದು ಪತ್ರಿಕೆಯ ಜಿಲ್ಲಾ ಪುಟದಲ್ಲಿ ತರಬೇತಿಗಿದ್ದೆವು. ಹಾವೇರಿ ಕಡೆಯ ಒಂದು ಹೊಲಕ್ಕೆ ಹೋದೆವು. ಅಲ್ಲಿನವರು ಮೆಕ್ಕೆಜೋಳಕ್ಕೆ ಗೋವಿನಜೋಳ ಎನ್ನುತ್ತಾರೆ. ಹೊಲದ ಕಾಕಾ ಸುಳಿ ಬಿಡಿಸಿ ತೋರಿಸಿದರು. ಒಳಗೆ ಒದ್ದೆ ಮರದ ಹೊಟ್ಟಿನಂಥ ಲದ್ದಿ, ಅದರ ನಡುವೆ ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತಿನ ಹುಳು. ನಾವು ಮೊಣಕಾಲೂರಿ ಕೂತು, ಇದ್ದುದರಲ್ಲೇ ಅತಿ ಹೆಚ್ಚು ಹರಿದ ಗಿಡ ಹುಡುಕಿ ಫೋಟೊ ತೆಗೆದೆವು. ಕಾಕಾ ನಿಂತಲ್ಲಿಂದಲೇ ಹೇಳಿದರು: "ಆ ಕಡಿ ಸಾಲು ಛಲೋ ಅದಾವು ನೋಡ್ರಪಾ, ಅವುನ್ನೂ ಒಂದ್ ಫೋಟೊ ಹೊಡ್ಕೊಳ್ರಿ." ನಾವು ನಕ್ಕೆವು. ಚೆನ್ನಾಗಿರುವ ಗಿಡದ ಫೋಟೊ ಯಾರಿಗೆ ಬೇಕು?

ಮರುದಿನ "ಲದ್ದಿ ಹುಳು ದಾಳಿಗೆ ಮೆಕ್ಕೆಜೋಳ ನಾಶ: ರೈತರು ಕಂಗಾಲು" ಎಂದು ಬಂತು. ನಾಶವಾದ ಗಿಡ ಎಷ್ಟು ಎಂದು ನಾವು ಎಣಿಸಿರಲಿಲ್ಲ. ಸಂಪಾದಕೀಯ ಮೇಜಿನಲ್ಲಿ ಯಾರೂ ಕೇಳಲೂ ಇಲ್ಲ. ಎರಡು ದಿನ ಬಿಟ್ಟು ಅದೇ ಊರಿನ ಔಷಧಿ ಅಂಗಡಿಯ ಗಾಜಿಗೆ ನಮ್ಮ ಸುದ್ದಿಯ ಕತ್ತರಿಕೆ ಅಂಟಿತ್ತು. ಅದನ್ನು ನೋಡಿ ಆವತ್ತು ನಮಗೆ ಹೆಮ್ಮೆಯಾಗಿತ್ತು ಎನ್ನುವುದನ್ನೂ ಮುಚ್ಚಿಡುವುದಿಲ್ಲ. ಸುಗ್ಗಿ ಮುಗಿದ ಮೇಲೆ ಬೇರೆ ಕೆಲಸಕ್ಕೆ ಆ ಕಡೆ ಹೋದಾಗ ಕಾಕಾ ಸಿಕ್ಕರು. ಅವರು ನಾಲ್ಕು ಸಲ ಎಣ್ಣೆ ಹೊಡೆಸಿದ್ದರು. ಬದುವಿನಾಚೆ ಅವರ ತಮ್ಮನ ಹೊಲ. ಕೈಯಲ್ಲಿ ದುಡ್ಡಿಲ್ಲದೆ ಆತ ಹೊಡೆಸಿದ್ದು ಒಂದೇ ಸಲ. ಇಬ್ಬರ ಚೀಲದ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇದು ಪ್ರಯೋಗವಲ್ಲ, ಎರಡು ಹೊಲದ ಕಥೆ, ಇದರಿಂದ ಏನನ್ನೂ ಸಾಧಿಸಲಾಗದು. ಆದರೆ ನಮ್ಮ ತಲೆಯಲ್ಲಿ ಒಂದು ಪ್ರಶ್ನೆ ಕೂತಿತು. ಆ ತಮ್ಮನ ಹೊಲದಲ್ಲಿ ಹುಳದ ಜೊತೆ ಹೋರಾಡಿದ್ದು ಯಾರು?

ಬಹುಪಾಲು ಗಿಡವೇ. ಹೇಗೆ ಎನ್ನುವುದನ್ನು ಐದು ವರ್ಷ ಪತ್ರಿಕೋದ್ಯಮ ಓದಿದ ನಮಗೆ ಯಾವ ತರಗತಿಯಲ್ಲೂ ಹೇಳಿರಲಿಲ್ಲ. ಗೊತ್ತಾದ ಮೇಲೆ ಸಿಟ್ಟು ಬಂತು, ಯಾಕೆಂದರೆ ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ.

ಮೊದಲು ಚರ್ಮ. ಭತ್ತದ ಗದ್ದೆಯಲ್ಲಿ ಕಳೆ ತೆಗೆದವರ, ಕಬ್ಬಿನ ರವದಿ ಸುಲಿದವರ ಮುಂಗೈ ನೋಡಿ. ಗೀರು ಗೀರು. ಅದು ಸಿಲಿಕಾ, ಅಂದರೆ ಮರಳಿನದೇ ವಸ್ತು. ಭತ್ತದ ಗಿಡ ಅದನ್ನು ನೆಲದಿಂದ ಹೀರಿ ಎಲೆಯ ತೊಗಲಿನಲ್ಲಿ ತುಂಬಿಕೊಳ್ಳುತ್ತದೆ. ಹುಲ್ಲಿನ ಒಣತೂಕದಲ್ಲಿ ಶೇ 10ರವರೆಗೂ ಇರಬಹುದು. ನಮ್ಮ ಕೈ ಗೀರುವ ಎಲೆ ಹುಳದ ದವಡೆಯನ್ನು ಸವೆಸುತ್ತದೆ. ಸಿಲಿಕಾ ಚೆನ್ನಾಗಿ ತುಂಬಿದ ಎಲೆಯನ್ನು ಎಳೆಯ ಹುಳು ಕಡಿಯಲು ಹೆಣಗುತ್ತದೆ, ತಿಂದದ್ದೂ ಸರಿಯಾಗಿ ಅರಗುವುದಿಲ್ಲ. ಟೊಮೆಟೊ ಗಿಡ ಮುಟ್ಟಿದರೆ ಕೈಗೆ ಹಸಿರು ಅಂಟು ಮೆತ್ತಿಕೊಂಡು ಘಾಟು ಬರುತ್ತದಲ್ಲ, ಅದೂ ಇದೇ ಜಾತಿಯದು. ಎಲೆಯ ಮೇಲಿನ ಸಣ್ಣ ರೋಮಗಳ ತುದಿಯಲ್ಲಿ ಸಂಗ್ರಹವಾದ ಅಂಟು ಅದು.

ಇವೆಲ್ಲ ಮೊದಲೇ ಕಟ್ಟಿಟ್ಟ ಬೇಲಿ. ಬೇಲಿ ಹಾರಿ ಹುಳು ಒಳಗೆ ಬಂದ ಮೇಲೆ ಶುರುವಾಗುವುದು ಬೇರೆ ಆಟ. 1972ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕ್ಲಾರೆನ್ಸ್ ರಯಾನ್ ಮತ್ತು ಜೊತೆಗಾರರು ಆಲೂಗಡ್ಡೆ, ಟೊಮೆಟೊ ಗಿಡಗಳ ಎಲೆಯನ್ನು ದುಂಬಿಗೆ ತಿನ್ನಿಸಿ ನೋಡಿದರು. ತಿಂದ ಎಲೆಯಲ್ಲಷ್ಟೇ ಅಲ್ಲ, ದುಂಬಿ ಮುಟ್ಟದೇ ಇದ್ದ ಎಲೆಗಳಲ್ಲೂ ಒಂದು ಪ್ರೋಟೀನು ತುಂಬತೊಡಗಿತು. ಆ ಪ್ರೋಟೀನಿನ ಕೆಲಸ ತಿನ್ನುವವರ ಹೊಟ್ಟೆಯ ಜೀರ್ಣರಸವನ್ನು ಕಟ್ಟಿಹಾಕುವುದು. ಹುಳು ತಿನ್ನುತ್ತದೆ, ಆದರೆ ಮೈಗೆ ಹತ್ತುವುದಿಲ್ಲ. ಇದೇ ಬಗೆಯ ವಸ್ತು ಹಸಿ ಸೋಯಾ, ಹಸಿ ಕಾಳುಗಳಲ್ಲೂ ಇದೆ. ಕಾಳು ನೆನೆಸಿ, ಚೆನ್ನಾಗಿ ಬೇಯಿಸದೆ ತಿಂದರೆ ಹೊಟ್ಟೆ ಕೆಡುತ್ತದೆ ಎಂದು ಅಜ್ಜಿಯರು ಬೈಯುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ನಮ್ಮ ಅಡುಗೆಮನೆ ಗಿಡದ ಈ ಅಸ್ತ್ರವನ್ನು ದಿನಾ ಕುಕ್ಕರಿನಲ್ಲಿ ಕೂಗಿಸಿ ನಿಷ್ಕ್ರಿಯ ಮಾಡುತ್ತಿದೆ. ಹುಳದ ಬಳಿ ಕುಕ್ಕರ್ ಇಲ್ಲ.

ಮೆಕ್ಕೆಜೋಳದ್ದು ಇನ್ನೂ ಸ್ವಾರಸ್ಯ. ಎಳೆ ಗಿಡದಲ್ಲಿ ಡಿಂಬೋವಾ ಎಂಬ ಕಹಿ ರಾಸಾಯನಿಕ ಇರುತ್ತದೆ. ಗಿಡ ಅದನ್ನು ಸಕ್ಕರೆಗೆ ಕಟ್ಟಿ, ವಿಷ ಅಡಗಿಸಿ ಇಟ್ಟುಕೊಂಡಿರುತ್ತದೆ. ಹುಳು ಕಡಿದಾಗ ಆ ಸಕ್ಕರೆ ಕಳಚಿ ವಿಷ ಬಿಡುಗಡೆ. ಇದರ ಜೊತೆಗೆ ಗಿಡ ನೆರೆಯವರನ್ನು ಕೂಗುತ್ತದೆ. ಕವಿತೆಯ ಮಾತಲ್ಲ ಇದು. 1990ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಟೆಡ್ ಟರ್ಲಿಂಗ್ಸ್ ಮತ್ತು ಸಂಗಡಿಗರು ತೋರಿಸಿದ್ದು. ಸೈನಿಕ ಹುಳುವಿನ ಹತ್ತಿರದ ಸಂಬಂಧಿಯೊಂದು ಮೆಕ್ಕೆಜೋಳದ ಎಲೆ ತಿಂದ ಕೆಲವು ಗಂಟೆಗಳಲ್ಲಿ ಗಿಡ ವಿಶೇಷ ವಾಸನೆಯೊಂದನ್ನು ಬಿಡುತ್ತದೆ, ಆ ವಾಸನೆ ಹಿಡಿದು ಸಣ್ಣ ಪರತಂತ್ರ ಕಣಜ ಹುಡುಕಿಕೊಂಡು ಬಂದು ಹುಳದೊಳಗೆ ಮೊಟ್ಟೆ ಇಡುತ್ತದೆ. ಕತ್ತರಿಯಿಂದ ಎಲೆ ಕತ್ತರಿಸಿದರೆ ಅಷ್ಟು ವಾಸನೆ ಬರುವುದಿಲ್ಲ. ಹುಳದ ಎಂಜಲು ತಾಗಬೇಕು. ಆ ಎಂಜಲಿನಲ್ಲಿರುವ ವಸ್ತು ಯಾವುದೆಂದು 1997ರಲ್ಲಿ ಗುರುತಿಸಿ ವೊಲಿಸಿಟಿನ್ ಎಂದು ಹೆಸರಿಟ್ಟರು. ಅಂದರೆ ಕುಡುಗೋಲು ತಾಗಿತೋ ಹುಳು ಬಾಯಿ ಹಾಕಿತೋ ಎನ್ನುವುದು ಗಿಡಕ್ಕೆ ತಿಳಿಯುತ್ತದೆ. ಹೊಲದ ಬದುವಿನ ಮೇಲೆ ನಿಂತು ಫೋಟೊ ತೆಗೆದ ನಮಗೆ ತಿಳಿಯಲಿಲ್ಲ.

ಕರ್ನಾಟಕದಲ್ಲಿ ಈ ಕೂಗು ಕೇಳುವವರು ಇದ್ದಾರೆಯೇ? ಇದ್ದಾರೆ. ಲದ್ದಿ ಹುಳು ಬಂದ ವರ್ಷವೇ, 2018ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದ ವಿಜ್ಞಾನಿಗಳು ನಮ್ಮದೇ ರಾಜ್ಯದ ಹೊಲಗಳಲ್ಲಿ ಹುಡುಕಿದಾಗ ಅದರ ಮೊಟ್ಟೆ ಕೆಡಿಸುವ ಕಣಜಗಳು, ಮರಿಹುಳುವಿನೊಳಗೆ ಬೆಳೆಯುವ ಕಣಜಗಳು, ಹುಳವನ್ನು ಬೂಜು ಹಿಡಿಸಿ ಕೊಲ್ಲುವ ಶಿಲೀಂಧ್ರ ಎಲ್ಲವೂ ಸಿಕ್ಕವು. ಹೊರದೇಶದ ಹುಳಕ್ಕೆ ಊರಿನ ಶತ್ರುಗಳು ಅಷ್ಟು ಬೇಗ ಹುಟ್ಟಿಕೊಂಡಿದ್ದರು. ಈ ಸುದ್ದಿಯನ್ನು "ನಾಶ", "ಕಂಗಾಲು" ಎಂಬ ಪದಗಳಿಗೆ ಕೊಟ್ಟಷ್ಟು ಅಕ್ಷರಗಳಲ್ಲಿ ಯಾವ ಜಿಲ್ಲಾ ಪುಟ ಬರೆಯಿತು? ನಾವಂತೂ ಬರೆಯಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನಾವೂ ಯೂಟ್ಯೂಬಿನ ಕೃಷಿ ಗುರುಗಳ ಸಾಲಿಗೆ ಸೇರುತ್ತೇವೆ. "ಗಿಡಕ್ಕೆ ಎಲ್ಲ ಗೊತ್ತು, ನೀವು ಸುಮ್ಮನಿರಿ, ಪ್ರಕೃತಿ ನೋಡಿಕೊಳ್ಳುತ್ತದೆ" ಎನ್ನುವವರ ಜೊತೆಗೂ ನಮ್ಮ ಜಗಳ ಇದೆ. ಪ್ರಕೃತಿ ಹುಳದ ಪಕ್ಷದಲ್ಲೂ ಇದೆ ಸ್ವಾಮಿ. ಮೆಕ್ಕೆಜೋಳದ ಡಿಂಬೋವಾವನ್ನು ಲದ್ದಿ ಹುಳು ಹೊಟ್ಟೆಯಲ್ಲಿ ಮತ್ತೆ ಸಕ್ಕರೆಗೆ ಕಟ್ಟಿ, ಗಿಡದ ಕಿಣ್ವ ಬಿಚ್ಚಲಾಗದ ಹಾಗೆ ತಿರುಗಿಸಿ ಹೊರಹಾಕುತ್ತದೆ. ಆ ಹುಳು ಮೆಕ್ಕೆಜೋಳವನ್ನು ಇಷ್ಟು ಸಲೀಸಾಗಿ ತಿನ್ನುವುದು ಈ ಕಾರಣಕ್ಕೂ ಹೌದು. ಇನ್ನೊಂದು ಕೇಳಿದರೆ ನಗು ಬರುತ್ತದೆ. ನಮ್ಮ ರೈತರು ಸುಳಿಯ ತುಂಬ ಲದ್ದಿ ನೋಡಿ ಹುಳಕ್ಕೆ ಲದ್ದಿ ಹುಳು ಎಂದು ಹೆಸರಿಟ್ಟರು. ಅಮೆರಿಕದ ಪೆನ್ಸಿಲ್ವೇನಿಯಾದ ಪ್ರಯೋಗಾಲಯವೊಂದು ಅದೇ ಲದ್ದಿಯನ್ನು ಪರೀಕ್ಷಿಸಿದಾಗ ಕಂಡದ್ದು ಇದು: ಬೂಜು ರೋಗದ ವಿರುದ್ಧ ಗಿಡವೇ ತಯಾರಿಸುವ ಪ್ರೋಟೀನು ಹುಳದ ಹೊಟ್ಟೆ ದಾಟಿ ಲದ್ದಿಯಲ್ಲಿ ಗಿಡದ ಗಾಯಕ್ಕೇ ಮರಳಿ ಬೀಳುತ್ತದೆ. ಗಿಡ ಬೂಜು ಬಂದಿದೆಯೆಂದು ಮೋಸ ಹೋಗಿ ಬೂಜಿನ ವಿರುದ್ಧದ ತಯಾರಿಗೆ ಹೊರಳುತ್ತದೆ, ಹುಳದ ವಿರುದ್ಧದ ತಯಾರಿ ತಗ್ಗುತ್ತದೆ. ಲದ್ದಿ ಆ ಹುಳದ ಆಯುಧ. ಹೆಸರಿಟ್ಟ ರೈತರ ಕಣ್ಣು ಚುರುಕಾಗಿತ್ತು.

ಹೀಗಾಗಿ ಎಳೆಯ ಗಿಡಕ್ಕೆ ಹುಳು ಜಾಸ್ತಿ ಬಿದ್ದರೆ ಗಿಡ ಸೋಲುತ್ತದೆ, ಹೊಲ ಬರಿದಾಗುತ್ತದೆ. ನಾವು ಕಂಡಿದ್ದೇವೆ. ಸಾಲ ಮಾಡಿ ಬೀಜ ತಂದವರಿಗೆ "ಗಿಡವೇ ನೋಡಿಕೊಳ್ಳುತ್ತದೆ ಬಿಡಿ" ಎನ್ನಲು ನಮಗೆ ಯಾವ ಹಕ್ಕೂ ಇಲ್ಲ. ನಮ್ಮ ತಕರಾರು ಬೇರೆ. ಗಿಡ ಎಷ್ಟು ತಡೆದುಕೊಂಡಿತು, ಎಷ್ಟು ಸೋತಿತು ಎಂದು ಎಣಿಸುವ ಮೊದಲೇ ಅದು ಸತ್ತಿತು ಎಂದು ತೀರ್ಪು ಕೊಡುವುದರ ಬಗ್ಗೆ.

ಎಣಿಸಿದವರು ಇದ್ದಾರೆ. ಆಫ್ರಿಕಾಕ್ಕೆ ಈ ಹುಳು ಬಂದ ಹೊಸತರಲ್ಲಿ, 2017ರಲ್ಲಿ, ಘಾನಾ ಮತ್ತು ಜಾಂಬಿಯಾದ ರೈತರನ್ನು ಎಷ್ಟು ನಷ್ಟವಾಯಿತು ಎಂದು ಕೇಳಿದರು. ಸರಾಸರಿ ಶೇ 45, ಶೇ 40 ಎಂದು ಉತ್ತರ ಬಂತು. ಜಗತ್ತಿನ ಪತ್ರಿಕೆಗಳೆಲ್ಲ ಆ ಅಂಕಿ ಹಿಡಿದು ಓಡಿದವು. ಆಮೇಲೆ ಜಿಂಬಾಬ್ವೆಯಲ್ಲಿ ವಿಜ್ಞಾನಿಗಳು ಹೊಲಕ್ಕಿಳಿದು ಗಿಡ ಎಣಿಸಿ, ಇಳುವರಿ ತೂಗಿದರು. 2019ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹುಳು ತಿಂದ ಗಿಡಗಳು ಶೇ 32ರಿಂದ 48. ಇಳುವರಿ ನಷ್ಟ ಶೇ 11.57. ಸುಮಾರು ಅರ್ಧ ಹೊಲದ ಎಲೆ ತೂತಾಗಿದ್ದರೂ ತೆನೆಯಲ್ಲಿ ಹೋದದ್ದು ಎಂಟರಲ್ಲೊಂದು ಪಾಲು. ಅದೂ ಸಣ್ಣ ರೈತರಿಗೆ ಸಣ್ಣ ಪೆಟ್ಟಲ್ಲ, ಒಪ್ಪುತ್ತೇವೆ. ಆದರೆ 45 ಮತ್ತು 12ರ ನಡುವೆ ಇರುವ ಅಂತರದಲ್ಲಿಯೇ ಔಷಧಿ ಕಂಪನಿಗಳ ಇಡೀ ವ್ಯಾಪಾರ ನಿಂತಿದೆ. (ಅದೇ ಅಧ್ಯಯನದಲ್ಲಿ, ಮೆಕ್ಕೆಜೋಳದ ನಡುವೆ ಕುಂಬಳ ಹಾಕಿದ ಹೊಲಗಳಲ್ಲಿ ಹುಳು ಹೆಚ್ಚಿತ್ತು. ಮಿಶ್ರ ಬೆಳೆ ಎಂದರೆ ಎಲ್ಲದಕ್ಕೂ ಮದ್ದು ಎನ್ನುವ ಗೆಳೆಯರ ಗಮನಕ್ಕೆ.)

ಈ ಅಂತರ ಎಲ್ಲಿಂದ ಬಂತು? ಕಣ್ಣಿಗೆ ಕಾಣುವುದು ಎಲೆ, ಮಾರಾಟವಾಗುವುದು ಕಾಳು. ಮೆಕ್ಕೆಜೋಳಕ್ಕೆ ಆರೇಳು ಎಲೆ ಮೂಡುವ ತನಕ ಅದರ ಬೆಳೆಯುವ ಮೊಳಕೆ ನೆಲದ ಕೆಳಗೇ ಇರುತ್ತದೆ. ಮೇಲಿನ ಎಲೆ ಹರಿದರೂ ಹೊಸ ಎಲೆ ಬರುತ್ತದೆ. ಆ ಎಳೆ ಎಲೆಗಳು ಗಿಡ ದೊಡ್ಡದಾದ ಮೇಲೆ ಹೇಗೂ ಒಣಗಿ ಬೀಳುವವೇ. ಕಾಳು ತುಂಬಿಸುವ ಕೆಲಸ ಮುಖ್ಯವಾಗಿ ತೆನೆಯ ಆಸುಪಾಸಿನ ಮತ್ತು ಅದರ ಮೇಲಿನ ಎಲೆಗಳದು. ಸುಳಿಯೊಳಗಿನ ಹುಳುಗಳೂ ಒಗ್ಗಟ್ಟಿನವಲ್ಲ. ಒಂದನ್ನೊಂದು ತಿಂದು ಕೊನೆಗೆ ಒಂದು ಸುಳಿಗೆ ಸಾಮಾನ್ಯವಾಗಿ ಒಂದೇ ದೊಡ್ಡ ಹುಳು ಉಳಿಯುತ್ತದೆ. ಹೆಸರು ಮಾತ್ರ ಸೈನಿಕ.

ಭತ್ತದವರ ಕಥೆ ಇನ್ನೂ ಹಳೆಯದು. ಎಲೆ ಸುರುಳಿ ಹುಳು ಗದ್ದೆಯನ್ನು ಬಿಳಿಬಿಳಿ ಮಾಡಿ ಹೆದರಿಸುತ್ತದೆ. ನಾಟಿಯಾದ ಮೊದಮೊದಲ ವಾರಗಳಲ್ಲಿ ಎಷ್ಟೋ ರೈತರು ಇದಕ್ಕಾಗಿಯೇ ಸಿಂಪಡಿಸುತ್ತಾರೆ. ಆ ವಯಸ್ಸಿನ ಭತ್ತ ಹೊಸ ಮರಿ ಒಡೆದು ಕಳೆದ ಎಲೆಯನ್ನು ತುಂಬಿಕೊಳ್ಳುತ್ತದೆ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಕೆ.ಎಲ್. ಹಿಯಾಂಗ್ ಮತ್ತು ಸಂಗಡಿಗರು ಇದನ್ನು ವಾದ ಮಾಡಿ ಒಪ್ಪಿಸಲು ಹೋಗಲಿಲ್ಲ. 1994ರಲ್ಲಿ ವಿಯೆಟ್ನಾಮಿನ ಲಾಂಗ್ ಆನ್ ಪ್ರಾಂತ್ಯದಲ್ಲಿ ರೈತರಿಗೆ ಒಂದೇ ಮಾತು ಹೇಳಿದರು: ಮೊದಲ 40 ದಿನ ಎಲೆ ತಿನ್ನುವ ಹುಳಕ್ಕೆ ಹೊಡೆಯಬೇಡಿ, ನಂಬಿಕೆ ಇಲ್ಲದಿದ್ದರೆ ಗದ್ದೆಯ ಒಂದು ಮೂಲೆಯಲ್ಲಿ ಮಾತ್ರ ಮಾಡಿ ನೋಡಿ. ಹೇಳಿದ್ದು ರೇಡಿಯೊದಲ್ಲಿ, ನಗಿಸುವ ಸಣ್ಣ ನಾಟಕಗಳ ಮೂಲಕ, ಭಿತ್ತಿಪತ್ರಗಳ ಮೂಲಕ. ಆ ಪ್ರಾಂತ್ಯದಲ್ಲಿ ಕೀಟನಾಶಕದ ಸಿಂಪಡಣೆ ಸುಮಾರು ಅರ್ಧಕ್ಕೆ ಇಳಿಯಿತು. ಹೊಡೆಯದೆ ಬಿಟ್ಟ ಮೂಲೆಯಲ್ಲಿ ಇಳುವರಿ ಕಡಿಮೆಯಾಗಲಿಲ್ಲ ಎಂಬುದನ್ನು ರೈತರೇ ತೂಗಿ ಕಂಡರು. ನಮ್ಮ ಗಂಗಾವತಿ, ಸಿಂಧನೂರಿನ ಗದ್ದೆಗಳಿಗೂ ಎಲೆ ಸುರುಳಿ ಹುಳು ಬರುತ್ತದೆ. ಆಕಾಶವಾಣಿಯೂ ನಮಗಿದೆ, ನಾಟಕದವರಿಗಂತೂ ಬರವಿಲ್ಲ.

ಬೇಗನೆ ಹೊಡೆದರೆ ಏನು ಮಹಾ, ಸುರಕ್ಷಿತವಲ್ಲವೇ ಎಂದು ನೀವು ಕೇಳಬಹುದು. ಹೊಡೆದ ಎಣ್ಣೆ ಹುಳದ ಮೇಲಷ್ಟೇ ಬೀಳುವುದಿಲ್ಲ. ಗಿಡ ಕೂಗಿ ಕರೆದ ಕಣಜ, ಗದ್ದೆಯ ಜೇಡ ಮೊದಲು ಸಾಯುತ್ತವೆ. ಭತ್ತದಲ್ಲಿ ಮೊದಲೇ ಹೊಡೆದವರಿಗೆ ಆಮೇಲೆ ಕಂದು ಜಿಗಿಹುಳು ಗಂಟುಬೀಳುವುದಕ್ಕೆ ಇದು ಒಂದು ದೊಡ್ಡ ಕಾರಣ. ಇನ್ನು ಪಂಪು ಬೆನ್ನಿಗೆ ಕಟ್ಟಿಕೊಂಡವರ ವಿಷಯ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಸಿಂಪಡಿಸಲು ಹೋದವರಲ್ಲಿ 20ಕ್ಕೂ ಹೆಚ್ಚು ಮಂದಿ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಬಹಳಷ್ಟು ಜನ ಕೂಲಿಗೆ ಹೊಡೆಯುವವರು. ತಲೆಗಿಂತ ಎತ್ತರ ಬೆಳೆದಿದ್ದ ಮೆಕ್ಕೆಜೋಳದೊಳಗೆ ಮುಖಕ್ಕೆ ಟವೆಲ್ ಕಟ್ಟಿಕೊಂಡು ನುಗ್ಗುವ ಹುಡುಗರನ್ನು ನಾವು ನೋಡಿದ್ದೇವೆ. ಆ ಹಂತದಲ್ಲಿ ಹೊಡೆಯುವುದೇ ದಂಡ ಎಂದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಸಲಹೆಯೇ ಹೇಳುತ್ತದೆ. ಮೊಳೆತ ಎಂಟು ವಾರಗಳ ಮೇಲೆ ರಾಸಾಯನಿಕ ಲಾಭದಾಯಕವಲ್ಲ, ಹುಳ ಆರಿಸಿ ತೆಗೆಯಿರಿ ಎಂದಿದೆ. ಮೊದಲ ಹಂತದಲ್ಲಿ ಶೇ 5 ಗಿಡ ಹಾನಿಯಾದಾಗ ಬೇವಿನ ಬೀಜದ ಕಷಾಯ, ಸುಳಿ ಬೆಳೆಯುವ ಹಂತದಲ್ಲಿ ಶೇ 10ರಿಂದ 20 ದಾಟಿದರೆ ಮಾತ್ರ ರಾಸಾಯನಿಕ. ಸರಕಾರಿ ಸಂಸ್ಥೆಯ ಈ ಕಾಗದ ಅಂಗಡಿಯ ಗಾಜಿಗೆ ಅಂಟಿದ್ದನ್ನು ನಾವು ಎಲ್ಲೂ ಕಂಡಿಲ್ಲ. ನಮ್ಮ ಸುದ್ದಿ ಅಂಟಿತ್ತು.

ಅಂಗಡಿಯವರನ್ನು ಖಳನಾಯಕರು ಮಾಡುವುದು ಸುಲಭ, ಅದನ್ನು ನಾವು ಮಾಡುವುದಿಲ್ಲ. ಕೃಷಿ ಅಧಿಕಾರಿ ಹೋಬಳಿಗೆಲ್ಲ ಒಬ್ಬರೋ ಇಬ್ಬರೋ ಇರುವಾಗ ಸಂಜೆ ಏಳಕ್ಕೆ ಬಾಗಿಲು ತೆರೆದಿರುವ ಸಲಹಾ ಕೇಂದ್ರ ಅದೊಂದೇ. ಉದ್ರಿ ಕೊಡುವುದೂ ಅವರೇ. "ಹುಳ ಬಿದ್ದೈತಿ ಅಣ್ಣಾ, ಏನರ ಕೊಡು" ಎಂದವರಿಗೆ "ಮೊದ್ಲು ಐವತ್ತು ಗಿಡ ಎಣಿಸ್ಕೊಂಡು ಬಾ" ಎಂದು ಹೇಳಿ ವ್ಯಾಪಾರ ಬಿಡುವ ಅಂಗಡಿಯವರು ಎಲ್ಲಿದ್ದಾರೆ? ಹೇಳಬೇಕಾದವರು ಸುದ್ದಿಯವರು, ಇಲಾಖೆಯವರು, ವಿಶ್ವವಿದ್ಯಾಲಯದವರು. ಇಷ್ಟಕ್ಕೂ ಆ ಬಾಟಲಿಗಳಲ್ಲಿ ಮಾರುವ ವಿದ್ಯೆ ಹಲವು ಸಲ ಗಿಡದಿಂದಲೇ ಕದ್ದದ್ದು. ಪೈರೆಥ್ರಾಯ್ಡ್ ಗುಂಪಿನ ಔಷಧಗಳೆಲ್ಲ ಸೇವಂತಿಗೆಯ ಸಂಬಂಧಿ ಹೂವೊಂದರ ವಿಷವನ್ನು ನೋಡಿ ಮಾಡಿದ ನಕಲು. ತಂಬಾಕಿನ ನಿಕೋಟಿನ್ ತಂಬಾಕು ಗಿಡದ ಸ್ವಂತ ಕಾವಲು. ಬೇವಿನದು ಬೇವಿನ ಕಾವಲು. ಗಿಡ ಅಳೆದು ತೂಗಿ, ಬೇಕಾದಾಗ ಬೇಕಾದಷ್ಟು ಖರ್ಚು ಮಾಡುವುದನ್ನು ನಾವು ಪಂಪುಗಟ್ಟಲೆ ಸುರಿಯುತ್ತೇವೆ, ಅಷ್ಟೇ ವ್ಯತ್ಯಾಸ.

ಯೂರಿಯಾದ ಮಾತನ್ನೂ ಆಡಲೇಬೇಕು, ಬೈಸಿಕೊಂಡರೂ ಸರಿ. ಹೆಚ್ಚು ಯೂರಿಯಾ ಉಂಡ ಎಲೆ ಕಪ್ಪುಹಸಿರಾಗಿ, ಮೆತ್ತಗೆ, ಸಾರಜನಕ ತುಂಬಿಕೊಂಡು ನಿಲ್ಲುತ್ತದೆ. ನೋಡುವವರಿಗೆ ಚೆಂದ. ಎಲೆ ಸುರುಳಿ ಹುಳಕ್ಕೂ ಚೆಂದ. ಭತ್ತದಲ್ಲಿ ಸಾರಜನಕ ಏರಿದಂತೆ ಈ ಹುಳು ಏರುವುದು ಹಳೆಯ, ಮತ್ತೆ ಮತ್ತೆ ಕಂಡ ಸಂಗತಿ. ಮಳೆಯಲ್ಲಿ ಸಾಲು ನಿಂತು ತಂದ ಚೀಲದ ಒಂದು ಪಾಲು ಹುಳಕ್ಕೆ ಹಬ್ಬದೂಟ, ಆಮೇಲೆ ಆ ಹುಳಕ್ಕೆ ಇನ್ನೊಂದು ಬಾಟಲಿ.

ಕೊನೆಯ ಜಗಳ ಬೀಜದವರ ಜೊತೆ. ಗಿಡದ ಸ್ವಂತ ತಡೆಯುವ ಶಕ್ತಿ ತಳಿಯಿಂದ ತಳಿಗೆ ಬೇರೆ. ಮನುಷ್ಯರು ಇಳುವರಿಯೊಂದನ್ನೇ ನೋಡಿ ಆರಿಸುತ್ತಾ ಹೋದಾಗ ಅದು ಕಳೆದುಹೋಗಬಹುದು. ಬೇರಿನ ಹುಳುವಿನ ವಿಷಯದಲ್ಲಿ ಇದು ಸಾಬೀತಾಗಿದೆ. ಬೇರು ತಿನ್ನುವ ಹುಳು ಬಂದಾಗ ಮೆಕ್ಕೆಜೋಳದ ಬೇರು ಒಂದು ವಾಸನೆ ಬಿಟ್ಟು ಮಣ್ಣಿನ ಉಪಕಾರಿ ಜಂತುಹುಳುಗಳನ್ನು ಕರೆಯುತ್ತದೆ. ಮೆಕ್ಕೆಜೋಳದ ಕಾಡು ಪೂರ್ವಜನಿಗೆ ಈ ಕೂಗು ಇದೆ, ಉತ್ತರ ಅಮೆರಿಕದ ಬಹುಪಾಲು ತಳಿಗಳಿಗೆ ಇಲ್ಲ ಎಂದು 2005ರಲ್ಲಿ ತೋರಿಸಿದರು. ತಳಿ ಅಭಿವೃದ್ಧಿಯ ದಾರಿಯಲ್ಲಿ ಅವು ಮೂಕವಾದವು. ಹಾಗೆಯೇ ಕಳೆದದ್ದನ್ನು ಮರಳಿ ತರಲೂ ಬರುತ್ತದೆ. ಅಂತರರಾಷ್ಟ್ರೀಯ ಮೆಕ್ಕೆಜೋಳ ಮತ್ತು ಗೋಧಿ ಸಂಶೋಧನಾ ಕೇಂದ್ರ 2020ರ ಕೊನೆಗೆ ಲದ್ದಿ ಹುಳುವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುವ ಮೂರು ಹೈಬ್ರಿಡ್‌ಗಳನ್ನು ಆಫ್ರಿಕಾದ ರೈತರಿಗಾಗಿ ಪ್ರಕಟಿಸಿತು. ಬೇರೆ ಜೀವಿಯ ಜೀನ್ ಹಾಕಿದ್ದಲ್ಲ, ಮೆಕ್ಕೆಜೋಳದ್ದೇ ಹಳೆಯ ಗುಣಗಳನ್ನು ಹುಡುಕಿ ಕೂಡಿಸಿದ್ದು.

ತಳಿಯನ್ನು ಹುಳು ಎಷ್ಟು ತಿಂದಿತು ಎಂಬುದಕ್ಕೆ 1ರಿಂದ 9ರವರೆಗೆ ಅಂಕ ಕೊಡುವ ಪದ್ಧತಿ ಸಂಶೋಧಕರಲ್ಲಿದೆ. ಆ ಅಂಕ ನಮ್ಮ ಬೀಜದ ಚೀಲದ ಮೇಲೆ ಯಾಕಿಲ್ಲ? ಮೊಳಕೆ ಪ್ರಮಾಣ, ಶುದ್ಧತೆ, ಪರೀಕ್ಷೆಯ ದಿನಾಂಕ ಎಲ್ಲ ಅಚ್ಚು ಹಾಕುತ್ತೀರಿ. ಚೀಲದ ಮುಖದ ಮೇಲೆ ಬಂಗಾರದ ಬಣ್ಣದ ತೆನೆ ಹಿಡಿದು ನಗುವ ರೈತರ ಚಿತ್ರಕ್ಕೆ ಜಾಗ ಇದೆ. "ಈ ತಳಿಯನ್ನು ಲದ್ದಿ ಹುಳು ಇಷ್ಟು ತಿನ್ನುತ್ತದೆ" ಎಂಬ ಒಂದು ಅಂಕಿಗೆ ಜಾಗ ಇಲ್ಲ. ಆ ಅಂಕಿ ಬಂದರೆ ಬೀಜ ಮಾರುವವರಿಗೂ ಔಷಧಿ ಮಾರುವವರಿಗೂ ಯಾಕೆ ಕಿರಿಕಿರಿಯಾಗುತ್ತದೆ ಎಂದು ನಾವು ಬಿಡಿಸಿ ಹೇಳಬೇಕಿಲ್ಲ. ಅನೇಕ ಕಡೆ ಇಬ್ಬರೂ ಒಂದೇ ಕೌಂಟರಿನ ಹಿಂದೆ ಕೂತಿದ್ದಾರೆ.

ಕಳೆದ ಮುಂಗಾರಿನಲ್ಲಿ ಅದೇ ಕಾಕಾನ ಹೊಲಕ್ಕೆ ಮತ್ತೆ ಹೋದೆವು. ಬೆಳೆ ಮೊಣಕಾಲು ದಾಟಿತ್ತು, ಎಡೆಕುಂಟೆ ಹೊಡೆದು ಎರಡು ದಿನವಾಗಿತ್ತು. "ಹುಳ ಬಿದ್ದೈತಿ, ನಾಳೆ ಹೊಡಸ್ಬೇಕು" ಎಂದರು. ಹೊಡೆಸುವ ಮೊದಲು ಎಣಿಸೋಣ ಕಾಕಾ ಎಂದೆವು. ಹೊಲದ ಐದು ಕಡೆ ನಿಂತು, ಒಂದೊಂದು ಕಡೆ ಹತ್ತು ಗಿಡ ಸಾಲಾಗಿ, ಚೆನ್ನಾಗಿರುವುದನ್ನು ಬಿಡದೆ. ಐವತ್ತರಲ್ಲಿ ನಾಲ್ಕು ಗಿಡದ ಸುಳಿಯಲ್ಲಿ ಹೊಸ ಲದ್ದಿ ಇತ್ತು. ಅಂದರೆ ಶೇ 8. ಒಂದರಲ್ಲಿ ಹುಳು ಸತ್ತು ಗಟ್ಟಿಯಾಗಿ, ಮೈಮೇಲೆ ತಿಳಿಹಸಿರು ಬೂಜು ಹಿಡಿದು ಎಲೆಗೆ ಅಂಟಿಕೊಂಡಿತ್ತು. "ಇದಕ್ಕ ಯಾರ ಹೊಡದ್ರು?" ಎಂದು ಕಾಕಾ ಕೇಳಿದರು. ಉಳಿದ ಮೂರು ಸುಳಿಗೆ ಅವರ ಸೊಸೆ ಒಂಬತ್ತು ಪಾಲು ಮರಳಿಗೆ ಒಂದು ಪಾಲು ಸುಣ್ಣ ಬೆರೆಸಿ ಚಿಟಿಕೆ ಚಿಟಿಕೆ ಹಾಕಿದರು. ಕೂಲಿಯವನಿಗೆ ನಾಳೆ ಬರಬೇಡ ಎಂದು ಫೋನ್ ಹೋಯಿತು. ಎಂಟು ದಿನ ಬಿಟ್ಟು ಮತ್ತೆ ಎಣಿಸುವುದೆಂದು ಮಾತಾಯಿತು.

ಶೇ 8ರ ಸುದ್ದಿಯನ್ನು ನಾವು ಫೋಟೊ ಸಮೇತ ಬರೆದು ಪರಿಚಯದ ಪತ್ರಿಕೆಯೊಂದಕ್ಕೆ ಕಳಿಸಿದೆವು. ಇದರಲ್ಲಿ ಸುದ್ದಿ ಏನಿದೆ ಎಂದು ಉತ್ತರ ಬಂತು. ಹಾಗಾಗಿ ಇಲ್ಲಿ ಹಾಕುತ್ತಿದ್ದೇವೆ. ನಿಮ್ಮ ಹೊಲದ ಐವತ್ತು ಗಿಡದ ಲೆಕ್ಕ ಇದ್ದರೆ ಕಳಿಸಿ, ಎಷ್ಟೇ ಇರಲಿ, ಅದನ್ನೂ ಹಾಕುತ್ತೇವೆ.